ಕಾಡು ಒಂದು ದೇಶದ್ದು, ಹಣ ಇನ್ನೊಂದು ದೇಶದ್ದು

ಪ್ರಶ್ನೋತ್ತರ

ಅಮೆರಿಕ ಸರ್ಕಾರ 2025ರಲ್ಲಿ ತನ್ನ ವಿದೇಶಿ ನೆರವಿನ ಸಂಸ್ಥೆಯನ್ನು ಮುಚ್ಚಿದ ಮೇಲೆ, ಅಳಿವಿನಂಚಿನ ಪ್ರಾಣಿಗಳ ರಕ್ಷಣೆಗೆ ಹೊರದೇಶಗಳಿಂದ ಬರುವ ಹಣದ ಬಗ್ಗೆ ಓದುಗರು ಪತ್ರ ಬರೆಯುತ್ತಲೇ ಇದ್ದಾರೆ. ಕೆಲವರಿಗೆ ಆತಂಕ, ಕೆಲವರಿಗೆ ಸಿಟ್ಟು, ಕೆಲವರಿಗೆ ತಿಳಿದುಕೊಳ್ಳುವ ಆಸೆ. ಅಂಥ ಪತ್ರಗಳನ್ನು ಆಯ್ದು ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಯಾವುದೋ ದೇಶದ ಸಿಂಹ, ಘೇಂಡಾಮೃಗ ಉಳಿಸಲು ಇನ್ನೊಂದು ದೇಶದವರು ತಮ್ಮ ತೆರಿಗೆ ಹಣ ಯಾಕೆ ಕೊಡಬೇಕು? ಅವರ ಊರಿನ ಶಾಲೆ, ಆಸ್ಪತ್ರೆಗೆ ಆ ಹಣ ಬೇಡವೇ? ತರಗತಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆ ಇದು.
— ಪ್ರೌಢಶಾಲಾ ಶಿಕ್ಷಕಿ, ಲಕ್ಷ್ಮೇಶ್ವರ

ಉತ್ತರ: ಚಳಿಗಾಲದಲ್ಲಿ ಮಕ್ಕಳನ್ನು ನಿಮಗೆ ಹತ್ತಿರದ ಮಾಗಡಿ ಕೆರೆಗೆ ಕರೆದುಕೊಂಡು ಹೋಗಿ. ಅಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು ಮೊಟ್ಟೆಯಿಟ್ಟು ಮರಿ ಮಾಡುವುದು ಮಂಗೋಲಿಯ, ಟಿಬೆಟ್ ಕಡೆಯ ಸರೋವರಗಳಲ್ಲಿ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ಕೆರೆಯನ್ನು ನಾವು ಎಷ್ಟೇ ಜತನದಿಂದ ನೋಡಿಕೊಂಡರೂ ಮಂಗೋಲಿಯ, ಟಿಬೆಟ್ ಕಡೆಯ ಜೌಗು ಒಣಗಿದರೆ ಇಲ್ಲಿಗೆ ಹೆಬ್ಬಾತು ಬರುವುದಿಲ್ಲ. ಗಡಿಯ ಆಚೆಗಿನ ಜೀವದ ಗೊಡವೆ ನಮಗೆ ಯಾಕೆ ಎಂಬ ಮಾತಿಗೆ ಮಕ್ಕಳು ಕಣ್ಣಾರೆ ಕಾಣುವ ಉತ್ತರ ಅದು.

ಇನ್ನೂ ಎರಡು ಕಾರಣಗಳಿವೆ. ಜಗತ್ತಿನ ಜೀವವೈವಿಧ್ಯದ ದೊಡ್ಡ ಪಾಲು ಇರುವುದು ಉಷ್ಣವಲಯದ ಬಡ ದೇಶಗಳಲ್ಲಿ. ಅದನ್ನು ಕರಗಿಸುತ್ತಿರುವ ಬೇಡಿಕೆ ಬಹುಮಟ್ಟಿಗೆ ಹೊರಗಿನದು. ದಂತ, ಘೇಂಡಾಮೃಗದ ಕೊಂಬು, ಬೆಲೆಬಾಳುವ ಮರ, ತಾಳೆ ಎಣ್ಣೆ, ದನದ ಮೇವಿನ ಸೋಯಾ, ಇವೆಲ್ಲ ಹಡಗು ಹತ್ತಿ ಹೋಗುವುದು ಹಣವಿರುವ ಊರುಗಳಿಗೆ. ಇತ್ತ ಸಿಂಹ ಹಸುವನ್ನು ಹಿಡಿದರೆ, ಆನೆ ಜೋಳದ ಹೊಲಕ್ಕೆ ನುಗ್ಗಿದರೆ ನಷ್ಟ ಅನುಭವಿಸುವವರು ಕಾಡಿನ ಪಕ್ಕದ ಬಡವರು. ಸಿಂಹ ಉಳಿಯಿತೆಂಬ ಸಂತೋಷ ಲೋಕಕ್ಕೆಲ್ಲ, ಖರ್ಚು ಮಾತ್ರ ಒಬ್ಬ ದನಗಾಹಿಗೆ ಎಂದರೆ ಅದು ನ್ಯಾಯವಲ್ಲ.

ಈ ಮಾತನ್ನು ದೇಶಗಳೂ ಒಪ್ಪಿವೆ. 1992ರ ಜೀವವೈವಿಧ್ಯ ಒಪ್ಪಂದದ 20ನೇ ವಿಧಿಯ ಪ್ರಕಾರ ಮುಂದುವರಿದ ದೇಶಗಳು ಬಡ ದೇಶಗಳಿಗೆ ಹೊಸದಾದ, ಹೆಚ್ಚುವರಿಯಾದ ಹಣ ಒದಗಿಸಬೇಕು. 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದಾಗ ಮೊತ್ತವೂ ನಿಗದಿಯಾಯಿತು: 2025ರ ಹೊತ್ತಿಗೆ ವರ್ಷಕ್ಕೆ 2,000 ಕೋಟಿ ಡಾಲರ್, 2030ರ ಹೊತ್ತಿಗೆ 3,000 ಕೋಟಿ ಡಾಲರ್. ಶಾಲೆ, ಆಸ್ಪತ್ರೆಯ ಮಾತಿಗೆ ಬಂದರೆ, ಅಮೆರಿಕದ ಕೇಂದ್ರ ಬಜೆಟ್‌ನಲ್ಲಿ ವಿದೇಶಿ ನೆರವಿನ ಪಾಲು ಒಟ್ಟಾರೆ ಶೇ 1ರ ಆಸುಪಾಸಿನಲ್ಲಿತ್ತು. ಅದರಲ್ಲಿ ವನ್ಯಜೀವಿಗಳಿಗೆ ಸಿಕ್ಕದ್ದು ಒಂದು ಚೂರು. ಆ ಚೂರನ್ನು ಕಿತ್ತುಕೊಂಡರೆ ಅಲ್ಲಿನ ಶಾಲೆಗಳ ಕೊರತೆ ನೀಗುವುದಿಲ್ಲ.

ಪ್ರಶ್ನೆ: ನಮ್ಮ ಪ್ರಾಜೆಕ್ಟ್ ಟೈಗರ್ ವಿದೇಶಿ ದುಡ್ಡಿನಿಂದಲೇ ನಡೆದದ್ದು, ಅದಿಲ್ಲದಿದ್ದರೆ ಬಂಡೀಪುರದಲ್ಲಿ ಹುಲಿಯೇ ಇರುತ್ತಿರಲಿಲ್ಲ ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ನಿಜವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಅರ್ಧ ನಿಜ. ಹುಲಿ ಅಳಿಯುತ್ತಿದೆ ಎಂಬ ಎಚ್ಚರಿಕೆ ಗಟ್ಟಿಯಾಗಿ ಕೇಳಿದ್ದು 1969ರಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆಯಲ್ಲಿ. ಆಮೇಲೆ ವಿಶ್ವ ವನ್ಯಜೀವಿ ನಿಧಿಯ ಗೈ ಮೌಂಟ್‌ಫರ್ಟ್ ಇಂದಿರಾ ಗಾಂಧಿಯವರನ್ನು ಕಂಡು, ಹುಲಿ ರಕ್ಷಣೆಗೆ 10 ಲಕ್ಷ ಡಾಲರ್ ಕೂಡಿಸಿಕೊಡುವ ಮಾತು ಕೊಟ್ಟರು. 1973ರ ಏಪ್ರಿಲ್ 1ರಂದು ಕಾರ್ಬೆಟ್‌ನಲ್ಲಿ ಯೋಜನೆ ಆರಂಭವಾಯಿತು. ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅಂದಿನ ದಿನಕ್ಕೆ ಆ ಹಣ ದೊಡ್ಡದೇ.

ಆದರೆ ಕ್ರಮವನ್ನು ಗಮನಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಸಂಸತ್ತಿನದು. ಯೋಜನೆಯ ಮೊದಲ ನಿರ್ದೇಶಕ ಕೈಲಾಶ್ ಸಾಂಖಲಾ ನಮ್ಮ ಅರಣ್ಯ ಇಲಾಖೆಯಿಂದ ಬಂದವರು. ಕಾಡಿನ ನಡುಭಾಗದಲ್ಲಿ ಮರ ಕಡಿಯುವುದನ್ನು ನಿಲ್ಲಿಸಿದ್ದು, ಗಾರ್ಡು, ವಾಚರ್‌ಗಳಿಗೆ ವರ್ಷ ವರ್ಷ ಸಂಬಳ ಕೊಟ್ಟಿದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು. ಹೊರಗಿನ ನೆರವು ಆ ನಿರ್ಧಾರಕ್ಕೆ ಬಲ ಕೊಟ್ಟಿತು, ನಿರ್ಧಾರ ನಮ್ಮದೇ ಆಗಿತ್ತು. ಹಾಗಾಗಿಯೇ ವಿದೇಶಿ ಹಣದ ಹರಿವು ತಗ್ಗಿದ ಮೇಲೂ ಕೆಲಸ ನಿಲ್ಲಲಿಲ್ಲ. 2022ರ ಗಣತಿಯ ಅಂದಾಜಿನಲ್ಲಿ ದೇಶದ ಹುಲಿಗಳು 3,682, ಕರ್ನಾಟಕದಲ್ಲಿ 563.

ಹಣವಿದ್ದರೆ ಸಾಕು ಎಂಬ ನಂಬಿಕೆಗೂ ನಮ್ಮಲ್ಲೇ ಉತ್ತರವಿದೆ. ರಾಜಸ್ಥಾನದ ಸರಿಸ್ಕಾ ಕೂಡ ಹುಲಿ ಯೋಜನೆಯ ಕಾಡೇ. ಅನುದಾನ ಬರುತ್ತಿತ್ತು, ಸಿಬ್ಬಂದಿಯೂ ಇದ್ದರು. 2005ರ ಹೊತ್ತಿಗೆ ಅಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ.

ಪ್ರಶ್ನೆ: ಅಮೆರಿಕದ ನೆರವು ನಿಂತಿತು ಎಂದರೆ ಕಾಡಿನಲ್ಲಿ ನಿಜವಾಗಿ ಏನಾಗುತ್ತದೆ? ಕಡತದಲ್ಲಿ ಒಂದು ಸಾಲು ಅಳಿಸಿಹೋಗುವುದಕ್ಕೂ ಪ್ರಾಣಿ ಸಾಯುವುದಕ್ಕೂ ಏನು ಸಂಬಂಧ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: 1961ರಲ್ಲಿ ಅಧ್ಯಕ್ಷ ಕೆನಡಿ ಕಾಲದಲ್ಲಿ ಹುಟ್ಟಿದ ಅಮೆರಿಕದ ನೆರವಿನ ಸಂಸ್ಥೆ ಯುಎಸ್‌ಏಡ್, 2025ರ ಜನವರಿ 20ರಂದು ಹೊರಟ ಅಧ್ಯಕ್ಷರ ಆದೇಶದಿಂದ ಸ್ತಬ್ಧವಾಯಿತು. ಜುಲೈ 1ಕ್ಕೆ ಬಾಗಿಲು ಮುಚ್ಚಿ, ಉಳಿದ ಕೆಲಸ ವಿದೇಶಾಂಗ ಇಲಾಖೆಗೆ ಸೇರಿತು. ಕೊನೆಯ ವರ್ಷಗಳಲ್ಲಿ ಈ ಸಂಸ್ಥೆಯೊಂದೇ ಜೀವವೈವಿಧ್ಯಕ್ಕೆ ವರ್ಷಕ್ಕೆ 30 ಕೋಟಿ ಡಾಲರಿಗೂ ಹೆಚ್ಚು ಕೊಡುತ್ತಿತ್ತು. ಜೀವವೈವಿಧ್ಯ ಒಪ್ಪಂದವನ್ನು ಇಂದಿಗೂ ಅನುಮೋದಿಸದ ದೇಶವೇ ಅತಿ ದೊಡ್ಡ ದಾನಿಗಳಲ್ಲಿ ಒಂದಾಗಿತ್ತು.

ಆ ಹಣ ತಲುಪುತ್ತಿದ್ದ ಜಾಗಗಳನ್ನು ನೋಡಿ: ಗಸ್ತಿನವರ ದಿನಗೂಲಿ, ಜೀಪಿನ ಡೀಸೆಲ್, ವೈರ್‌ಲೆಸ್ ಸೆಟ್ಟು, ದಂತ ಹಿಡಿಯುವ ಬಂದರಿನ ಅಧಿಕಾರಿಗಳ ತರಬೇತಿ, ಕಾಡಂಚಿನ ಹಳ್ಳಿಯ ಸ್ವಸಹಾಯ ಗುಂಪು. ಇವುಗಳಲ್ಲಿ ಯಾವುದನ್ನೂ ಆರು ತಿಂಗಳು ನಿಲ್ಲಿಸಿ ಮತ್ತೆ ಶುರು ಮಾಡಲು ಬರುವುದಿಲ್ಲ. ಗಸ್ತು ನಿಂತ ಸುದ್ದಿ ಕಳ್ಳಬೇಟೆಯವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಹೀಗೆ ಒಮ್ಮೆಲೇ ನೆರವು ನಿಂತರೆ ಏನಾಗುತ್ತದೆ ಎಂಬುದಕ್ಕೆ ಮಡಗಾಸ್ಕರ್ ಸಾಕ್ಷಿ. 1990ರ ದಶಕದ ಆರಂಭದಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ಕಟ್ಟಿದ್ದು ಬಹುಮಟ್ಟಿಗೆ ವಿಶ್ವಬ್ಯಾಂಕ್, ಅಮೆರಿಕ ಮತ್ತು ಯುರೋಪಿನ ಹಣ. 2009ರ ಮಾರ್ಚ್‌ನಲ್ಲಿ ಅಲ್ಲಿ ಸರ್ಕಾರ ಉರುಳಿತು. ಅಕ್ರಮವಾಗಿ ಅಧಿಕಾರ ಹಿಡಿದವರಿಗೆ ಹಣ ಕೊಡಲಾರೆವೆಂದು ದಾನಿಗಳು ಕೈ ಹಿಂದೆಗೆದರು. ಮಸೋಆಲಾ, ಮಾರೋಜೆಜಿ ಕಾಡುಗಳಿಗೆ ಮರಗಳ್ಳರ ಗುಂಪುಗಳು ನುಗ್ಗಿದವು. ನಮ್ಮ ಬೀಟೆ ಮರದ ಕುಲಕ್ಕೇ ಸೇರಿದ ಮರಗಳನ್ನು ಕಡಿದು ನದಿಯಲ್ಲಿ ತೇಲಿಸಿ ಹಡಗಿಗೆ ಸಾಗಿಸಿದರು. ಅದರಲ್ಲಿ ಹೆಚ್ಚಿನದು ಚೀನಾದ ಪೀಠೋಪಕರಣ ಮಾರುಕಟ್ಟೆಗೆ ಹೋಯಿತು. ಕಾಡಿನೊಳಗೆ ಬೀಡುಬಿಟ್ಟವರು ಮಾಂಸಕ್ಕಾಗಿ ಲೆಮೂರ್‌ಗಳನ್ನು ಕೊಂದರು. ಯುನೆಸ್ಕೊ 2010ರಲ್ಲಿ ಆ ಮಳೆಕಾಡುಗಳನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಾನಿಗಳು ರಾಜಕೀಯ ನಿಲುವು ತೆಗೆದುಕೊಂಡದ್ದು ಅರ್ಥವಾಗುತ್ತದೆ. ಬೆಲೆ ತೆತ್ತದ್ದು ಮಾತ್ರ ಅಧಿಕಾರ ಹಿಡಿದವರಲ್ಲ, ಕಾಡು ಮತ್ತು ಕಾಡಿನ ಬದಿಯ ಜನ.

ಇಪ್ಪತ್ತು ವರ್ಷ ಹಣ ಬಂದರೂ ಮಡಗಾಸ್ಕರ್‌ನ ಉದ್ಯಾನಗಳಿಗೆ ಸ್ವಂತ ಆದಾಯ, ಸ್ವಂತ ಕಾವಲು ಗಟ್ಟಿಯಾಗಿರಲಿಲ್ಲ. ದಾನಿ ಹೋದ ಮೇಲೆ ಏನು ಉಳಿಯಬೇಕು ಎಂಬುದನ್ನು ಮೊದಲ ದಿನವೇ ಯೋಚಿಸದ ಯಾವ ಯೋಜನೆಯೂ ಸುರಕ್ಷಿತವಲ್ಲ. ಮುಂದಿನ ಉತ್ತರಗಳಲ್ಲೂ ನಾನು ಈ ಮಾತಿನ ಮೇಲೇ ನಿಂತಿದ್ದೇನೆ.

ಪ್ರಶ್ನೆ: ಹುಲಿ ಉಳಿಸುವ ಹೆಸರಿನಲ್ಲಿ ಹಾಡಿಯ ಜನರನ್ನು ಕಾಡಿನಿಂದ ಹೊರಹಾಕಿದ್ದನ್ನು ನಾವು ಕಂಡಿದ್ದೇವೆ. ಹೊರದೇಶದ ಹಣ ಬಂದಷ್ಟೂ ಈ ಅನ್ಯಾಯಕ್ಕೆ ಬಲ ಬರುವುದಿಲ್ಲವೇ? ನೀವು ಪರಿಸರದವರು ಇದರ ಬಗ್ಗೆ ಯಾಕೆ ಸುಮ್ಮನಿರುತ್ತೀರಿ?
— ಗಿರಿಜನರ ನಡುವೆ ಕೆಲಸ ಮಾಡುವವರು, ಎಚ್.ಡಿ. ಕೋಟೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಇದಕ್ಕೆ ಉದಾಹರಣೆ ನಿಮ್ಮ ಪಕ್ಕದಲ್ಲೇ ಇದೆ. 1996ರಲ್ಲಿ ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನಿಂದ ಭಾರತದ ಏಳು ಕಾಡುಗಳಿಗೆ 'ಪರಿಸರ ಅಭಿವೃದ್ಧಿ ಯೋಜನೆ' ಮಂಜೂರಾಯಿತು. ಅದರಲ್ಲಿ ನಾಗರಹೊಳೆಯೂ ಇತ್ತು. ಕಾಡಂಚಿನ ಜನರಿಗೆ ಬೇರೆ ಜೀವನೋಪಾಯ ಕೊಟ್ಟರೆ ಅವರು ಕಾಡನ್ನು ಅವಲಂಬಿಸುವುದು ಕಡಿಮೆಯಾಗುತ್ತದೆ ಎಂಬುದು ಅದರ ಲೆಕ್ಕಾಚಾರ. ಕಾಡಿನೊಳಗೇ ತಲೆಮಾರುಗಳಿಂದ ಬಾಳಿದ ಜೇನುಕುರುಬರು, ಬೆಟ್ಟಕುರುಬರು, ಯರವರಿಗೆ ಆ ಲೆಕ್ಕದಲ್ಲಿ ಜಾಗವೆಲ್ಲಿ? 1998ರಲ್ಲಿ ಹಾಡಿಗಳ ಪರವಾಗಿ ವಿಶ್ವಬ್ಯಾಂಕಿನ ತಪಾಸಣಾ ಸಮಿತಿಗೆ ದೂರು ಹೋಯಿತು. ಯೋಜನೆ ರೂಪಿಸುವಾಗ ಆದಿವಾಸಿಗಳನ್ನು ಸರಿಯಾಗಿ ಕೇಳಿರಲಿಲ್ಲ, ಅವರಿಗೆಂದು ಪ್ರತ್ಯೇಕ ಯೋಜನೆಯನ್ನೂ ಸಿದ್ಧಪಡಿಸಿರಲಿಲ್ಲ ಎಂದು ಸಮಿತಿ ಹೇಳಿತು. ಇಂಥ ದೊಡ್ಡ ಸಾಲದಾತನನ್ನು ನಾಗರಹೊಳೆಯ ಹಾಡಿಗಳು ಪ್ರಶ್ನಿಸಿದ್ದು ಕರ್ನಾಟಕದ ಚರಿತ್ರೆಯಲ್ಲಿ ದೊಡ್ಡ ಸಂಗತಿ.

ಆಫ್ರಿಕದ ಕಾಂಗೊ ಕಣಿವೆಯಲ್ಲಿ ಇದಕ್ಕಿಂತ ಕ್ರೂರವಾದದ್ದು ನಡೆಯಿತು. ಅಂತರರಾಷ್ಟ್ರೀಯ ಸಂಸ್ಥೆಗಳ ನೆರವು ಪಡೆದ ಉದ್ಯಾನಗಳ ಕಾವಲುಗಾರರು ಬಾಕಾ ಮುಂತಾದ ಅರಣ್ಯವಾಸಿಗಳನ್ನು ಹೊಡೆದರು, ಹಿಂಸಿಸಿದರು ಎಂಬ ಆರೋಪಗಳು 2019ರಲ್ಲಿ ಪತ್ರಿಕಾ ತನಿಖೆಯಿಂದ ಲೋಕಕ್ಕೆಲ್ಲ ತಿಳಿದವು. ವಿಶ್ವ ವನ್ಯಜೀವಿ ನಿಧಿಯೇ ನೇಮಿಸಿದ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಾಜಿ ಮುಖ್ಯಸ್ಥೆ ನವಿ ಪಿಳ್ಳೈ ನೇತೃತ್ವದ ಸ್ವತಂತ್ರ ಸಮಿತಿ 2020ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಸಂಸ್ಥೆಯ ಸಿಬ್ಬಂದಿ ಹಿಂಸೆಯಲ್ಲಿ ಪಾಲ್ಗೊಂಡಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಆದರೆ ಆರೋಪಗಳ ಬಗ್ಗೆ ಗೊತ್ತಿದ್ದೂ ಹಲವೆಡೆ ತಾನೇ ಕೊಟ್ಟ ಮಾತಿನಂತೆ ಸಂಸ್ಥೆ ನಡೆದುಕೊಳ್ಳಲಿಲ್ಲ ಎಂಬುದು ಸಮಿತಿಯ ನಿಲುವು.

ಹಾಗಾದರೆ ನೆರವೇ ಬೇಡವೇ? ನಾನು ಹಾಗೆ ಹೇಳಲಾರೆ. ಹೊರಗಿನ ಹಣವಿಲ್ಲದೆಯೂ ಸರ್ಕಾರಗಳು ಜನರನ್ನು ಒಕ್ಕಲೆಬ್ಬಿಸಿವೆ. ಅಣೆಕಟ್ಟು, ಗಣಿಗಳ ಕತೆ ನಿಮಗೆ ಗೊತ್ತು. ಹೊರಗಿನ ಹಣಕ್ಕೆ ಒಂದು ಅನುಕೂಲವೂ ಇದೆ: ಅದಕ್ಕೆ ಷರತ್ತು ಹಾಕಬಹುದು. ಜನರಿಗೆ ಮುಂಚಿತವಾಗಿ ಪೂರ್ತಿ ಮಾಹಿತಿ ಕೊಟ್ಟು ಅವರ ಸ್ವತಂತ್ರ ಒಪ್ಪಿಗೆ ಪಡೆಯದೆ ಒಂದು ರೂಪಾಯಿಯೂ ಬಿಡುಗಡೆಯಾಗಬಾರದು. ದೂರು ಕೊಡಲು ಹಾಡಿಯವರ ಭಾಷೆಯಲ್ಲೇ, ಹಾಡಿಗೆ ಹತ್ತಿರದಲ್ಲೇ ವ್ಯವಸ್ಥೆ ಇರಬೇಕು. ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಹಕ್ಕುಪತ್ರದ ಅರ್ಜಿಗಳು ಇತ್ಯರ್ಥವಾಗದ ಕಾಡಿಗೆ ಯಾವ ದಾನಿಯೂ ಹಣ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ನಮ್ಮಂಥವರು ಇನ್ನೂ ಗಟ್ಟಿಯಾಗಿ ಹೇಳಬೇಕು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ.

ಪ್ರಶ್ನೆ: ನಮ್ಮ ಭತ್ತದ ಗದ್ದೆ, ಕಾಫಿ ತೋಟ ಆನೆಗಳ ಪಾಲಾಗಿದೆ. ಪ್ರಾಣಿಗಳ ಜೊತೆ ಬದುಕುವ ರೈತನಿಗೆ ಈ ವಿದೇಶಿ ಹಣದಿಂದ ನಿಜಕ್ಕೂ ಲಾಭವಾದ ಒಂದು ದೇಶವಾದರೂ ಇದೆಯೇ?
— ಬೆಳೆಗಾರರು, ಸಕಲೇಶಪುರ

ಉತ್ತರ: ಇದೆ, ನಮೀಬಿಯ. ನೈಋತ್ಯ ಆಫ್ರಿಕದ ಮರುಭೂಮಿಯ ದೇಶ. 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಕುನೋ ಉದ್ಯಾನಕ್ಕೆ ಮೊದಲ ಎಂಟು ಚೀತಾಗಳು ಬಂದದ್ದು ಅಲ್ಲಿಂದಲೇ.

1980ರ ದಶಕದ ಆರಂಭದಲ್ಲಿ ಆ ದೇಶದ ವಾಯವ್ಯ ಭಾಗದಲ್ಲಿ ಬರ ಬಿದ್ದು, ಜೊತೆಗೆ ಕಳ್ಳಬೇಟೆಯೂ ಸೇರಿ, ಆನೆ ಮತ್ತು ಕಪ್ಪು ಘೇಂಡಾಮೃಗಗಳು ಮುಗಿಯುವ ಹಂತಕ್ಕೆ ಬಂದವು. ಆಗ ಗಾರ್ತ್ ಓವೆನ್-ಸ್ಮಿತ್ ಎಂಬ ಸಂರಕ್ಷಕರು ಅಲ್ಲಿನ ಹೆರೆರೊ, ಹಿಂಬಾ ಮುಖಂಡರ ಬಳಿ ಹೋಗಿ ಮಾತಾಡಿದರು. ಮುಖಂಡರೇ ತಮ್ಮ ಜನರಲ್ಲಿ ಕೆಲವರನ್ನು ಆರಿಸಿ ಕಾವಲಿಗೆ ಹಾಕಿದರು. ಆ ಕಾವಲುಗಾರರು ಉತ್ತರ ಕೊಡಬೇಕಾದದ್ದು ಊರಿಗೆ, ಸರ್ಕಾರಕ್ಕಲ್ಲ. ಬೇಟೆ ಇಳಿಯಿತು. ಓವೆನ್-ಸ್ಮಿತ್ ಮತ್ತು ಅವರ ಸಂಗಾತಿ ಮಾರ್ಗರೆಟ್ ಜೇಕಬ್ಸನ್ ಅವರಿಗೆ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅದೇ ವರ್ಷ ಅಮೆರಿಕದ ನೆರವು ದೊಡ್ಡ ಪ್ರಮಾಣದಲ್ಲಿ ಈ ಕೆಲಸಕ್ಕೆ ಸೇರಿತು.

ತಿರುವು ಸಿಕ್ಕಿದ್ದು 1996ರ ಕಾನೂನಿನಿಂದ. ಬಿಳಿಯ ಜಮೀನ್ದಾರರಿಗೆ ತಮ್ಮ ಜಮೀನಿನ ವನ್ಯಪ್ರಾಣಿಗಳಿಂದ ಆದಾಯ ಪಡೆಯುವ ಹಕ್ಕು ಮೊದಲೇ ಇತ್ತು. ಅದೇ ಹಕ್ಕನ್ನು ಸ್ವತಂತ್ರ ನಮೀಬಿಯ ಸಮುದಾಯದ ಭೂಮಿಯ ಜನರಿಗೂ ಕೊಟ್ಟಿತು. ಊರವರು ಗಡಿ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ಆರಿಸಿ ನೋಂದಾಯಿಸಿಕೊಂಡರೆ ಅದು 'ಕನ್ಸರ್ವೆನ್ಸಿ'. ಪ್ರವಾಸಿ ವಸತಿಗೃಹದ ಗುತ್ತಿಗೆ ಹಣ, ಉದ್ಯೋಗ, ಬೇಟೆ ಕೋಟಾದ ಆದಾಯ, ಮಾಂಸ, ಎಲ್ಲವೂ ಸಮುದಾಯಕ್ಕೆ. 1998ರಲ್ಲಿ ನಾಲ್ಕು ಇದ್ದದ್ದು ಈಗ 86; ದೇಶದ ಭೂಮಿಯ ಸುಮಾರು ಐದನೇ ಒಂದು ಭಾಗ. 1990ರ ದಶಕದ ಮಧ್ಯದಲ್ಲಿ 7,500ರಷ್ಟಿದ್ದ ಆನೆಗಳು ಈಗ 20,000ಕ್ಕೂ ಮೇಲೆ. ವಿದೇಶಿ ಹಣ ತರಬೇತಿಗೆ, ಲೆಕ್ಕಪತ್ರ ಕಲಿಸಲು, ಮೊದಲ ವರ್ಷಗಳ ಕಾವಲಿನ ಕೂಲಿಗೆ ಹೋಯಿತು. ಕೆಲವು ಕನ್ಸರ್ವೆನ್ಸಿಗಳು ಬೇಗನೇ ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುವಂತಾದವು.

ತೊಂದರೆಗಳೂ ಇವೆ. ಆನೆ, ಸಿಂಹ ಹೆಚ್ಚಿದಂತೆ ಸಂಘರ್ಷವೂ ಹೆಚ್ಚಿದೆ. ಕೋವಿಡ್ ಕಾಲದಲ್ಲಿ ಪ್ರವಾಸಿಗರು ಬಾರದೆ ಆದಾಯ ಬತ್ತಿತು. ಹಣ ಕೊಟ್ಟು ಬೇಟೆಯಾಡಲು ಹೊರಗಿನವರಿಗೆ ಅವಕಾಶ ಕೊಡುವ ಪದ್ಧತಿಯನ್ನು ಒಪ್ಪದವರು ಬಹಳ ಜನ. ನಮ್ಮ ಕಾನೂನಿನಲ್ಲಿ ಅದಕ್ಕೆ ಆಸ್ಪದವಿಲ್ಲ, ಬೇಕಾಗಿಯೂ ಇಲ್ಲ. ನಾವು ತೆಗೆದುಕೊಳ್ಳಬೇಕಾದ ಪಾಠ ಬೇರೆ. ಸಕಲೇಶಪುರದಲ್ಲಿ ಆನೆ ಎಂದರೆ ರೈತನಿಗೆ ಬರೀ ನಷ್ಟ, ಪರಿಹಾರಕ್ಕಾಗಿ ಕಚೇರಿ ಅಲೆದಾಟ. ಸಫಾರಿ, ರೆಸಾರ್ಟ್‌ಗಳ ಲಾಭ ಇನ್ನಾರಿಗೋ. ರುವಾಂಡ ಲಾಭ ಹಂಚುವ ದಾರಿ ಹಿಡಿದಿದೆ: ಅಲ್ಲಿ ಗೊರಿಲ್ಲಾ ನೋಡಲು ಒಬ್ಬ ವಿದೇಶಿ ಪ್ರವಾಸಿ 1,500 ಡಾಲರ್ ಕೊಡಬೇಕು. ಉದ್ಯಾನಗಳ ಪ್ರವಾಸೋದ್ಯಮ ಆದಾಯದ ಶೇ 10 ಸುತ್ತಲಿನ ಹಳ್ಳಿಗಳ ಕೆಲಸಗಳಿಗೆ ಮೀಸಲು. ನಮ್ಮ ಕಾಡಂಚಿನ ಗ್ರಾಮ ಪಂಚಾಯಿತಿಗಳೂ ಇಂಥ ಪಾಲನ್ನು ಹಕ್ಕಾಗಿ ಕೇಳಬೇಕು.

ಪ್ರಶ್ನೆ: ಕೋಟಿಗಟ್ಟಲೆ ಡಾಲರ್ ಇದ್ದರೆ ಮಾತ್ರ ಪ್ರಭೇದವೊಂದನ್ನು ಉಳಿಸಲು ಸಾಧ್ಯವೇ? ಸಣ್ಣ ನೆರವಿನಿಂದ ದೊಡ್ಡ ಕೆಲಸ ಆದದ್ದಿದೆಯೇ?
— ಪಶುವೈದ್ಯಕೀಯ ವಿದ್ಯಾರ್ಥಿ, ಬೀದರ್

ಉತ್ತರ: ನಿಮ್ಮ ವಿದ್ಯೆಗೇ ಸೇರಿದ ಉದಾಹರಣೆ ಕೊಡುತ್ತೇನೆ. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಕಂಡು ಕೇಳರಿಯದ ವೇಗದಲ್ಲಿ ಸತ್ತವು. ಬಿಳಿಬೆನ್ನಿನ ರಣಹದ್ದು ಹದಿನೈದು ವರ್ಷಗಳಲ್ಲಿ ಶೇ 99ಕ್ಕೂ ಹೆಚ್ಚು ಕುಸಿಯಿತು. ಕಾರಣ ಸೋಂಕು ಎಂದು ಹಲವರು ಊಹಿಸಿದ್ದರು. ಪಾಕಿಸ್ತಾನದಲ್ಲಿ ಕೆಲಸ ಮಾಡಿದ ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಮತ್ತು ಸಂಗಡಿಗರು ನಿಜವಾದ ಕಾರಣವನ್ನು 2004ರಲ್ಲಿ ಪ್ರಕಟಿಸಿದರು. ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೊಫೆನಾಕ್ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತು.

2001ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ರಣಹದ್ದುಗಳ ಆರೈಕೆ ಕೇಂದ್ರ ಆರಂಭವಾದದ್ದು ಬ್ರಿಟನ್ ಸರ್ಕಾರದ ಡಾರ್ವಿನ್ ಇನಿಷಿಯೇಟಿವ್ ನಿಧಿಯ ನೆರವಿನಿಂದ. ನಡೆಸಿದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮತ್ತು ಹರಿಯಾಣ ಅರಣ್ಯ ಇಲಾಖೆ. ಅದೇ ಮುಂದೆ ಮರಿ ಮಾಡಿಸುವ ಕೇಂದ್ರವಾಯಿತು. ಮೆಲಾಕ್ಸಿಕ್ಯಾಮ್ ಎಂಬ ಬದಲಿ ಔಷಧ ಹದ್ದಿಗೆ ಅಪಾಯವಿಲ್ಲ ಎಂದು ಪರೀಕ್ಷೆಗಳು ತೋರಿಸಿದವು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಮೂರೂ ದೇಶಗಳು ಜಾನುವಾರುಗಳಿಗೆ ಡೈಕ್ಲೊಫೆನಾಕ್ ಬಳಸುವುದನ್ನು ನಿಷೇಧಿಸಿದವು. 2023ರಲ್ಲಿ ಭಾರತ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳನ್ನೂ ನಿಷೇಧಿಸಿತು.

ದೊಡ್ಡ ಉದ್ಯಾನದ ಯೋಜನೆಯೊಂದಕ್ಕೆ ಹೋಲಿಸಿದರೆ ಇದಕ್ಕೆ ತಗುಲಿದ ಹಣ ಬಹಳ ಕಡಿಮೆ. ಸರಿಯಾದ ಹೊತ್ತಿನಲ್ಲಿ ಸರಿಯಾದ ಪ್ರಶ್ನೆಗೆ ಹಣ ಸಿಕ್ಕಿತು. ಬಂದ ಉತ್ತರವನ್ನು ನಮ್ಮ ಸರ್ಕಾರ ಕಾನೂನಾಗಿ ಮಾಡಿತು. ಉಳಿದ ಕೆಲಸ ನಿಮ್ಮಂಥ ಪಶುವೈದ್ಯರದು. ರಾಮನಗರದ ರಾಮದೇವರ ಬೆಟ್ಟದ ಹದ್ದುಗಳು ಉಳಿಯುವುದು ಸುತ್ತಲಿನ ತಾಲ್ಲೂಕುಗಳಲ್ಲಿ ಯಾವ ಇಂಜೆಕ್ಷನ್ ಬರೆದುಕೊಡುತ್ತಾರೆ ಎಂಬುದರ ಮೇಲೆ.

ಪ್ರಶ್ನೆ: ಸಾಲ ಮನ್ನಾ ಮಾಡಿ ಬದಲಿಗೆ ಕಾಡು ಉಳಿಸಿಕೊಳ್ಳುವ ಒಪ್ಪಂದಗಳು, ಘೇಂಡಾಮೃಗದ ಬಾಂಡ್ ಇವೆಲ್ಲ ನೆರವೇ ಅಥವಾ ಸಾಲದ ಇನ್ನೊಂದು ವೇಷವೇ?
— ಅರ್ಥಶಾಸ್ತ್ರ ಉಪನ್ಯಾಸಕರು, ಧಾರವಾಡ

ಉತ್ತರ: ಒಂದೊಂದು ಒಪ್ಪಂದವನ್ನೂ ಬಿಡಿಯಾಗಿ ನೋಡಬೇಕು. ಸಾಲ ಮನ್ನಾಕ್ಕೆ ಬದಲಾಗಿ ಕಾಡಿನ ರಕ್ಷಣೆ ಎಂಬ ವಿಚಾರವನ್ನು ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ 1984ರಲ್ಲಿ ಮುಂದಿಟ್ಟರು. ಮೊದಲ ಪ್ರಯೋಗ 1987ರಲ್ಲಿ ಬೊಲಿವಿಯದಲ್ಲಿ ನಡೆಯಿತು. ಆ ದೇಶದ 6,50,000 ಡಾಲರ್ ಸಾಲವನ್ನು ಕನ್ಸರ್ವೇಷನ್ ಇಂಟರ್‌ನ್ಯಾಷನಲ್ ಸಂಸ್ಥೆ 1,00,000 ಡಾಲರಿಗೆ ಕೊಂಡು ಮನ್ನಾ ಮಾಡಿತು. ಬದಲಿಗೆ ಬೆನಿ ಪ್ರದೇಶದ ಕಾಡಿನ ರಕ್ಷಣೆಗೆ ಸರ್ಕಾರ 2,50,000 ಡಾಲರ್ ನಿಧಿ ಇಡಬೇಕಿತ್ತು. ಆ ಹಣ ಹೊರಬರಲು ಎರಡು ವರ್ಷವಾಯಿತು. ಅಲ್ಲಿನ ಮೂಲನಿವಾಸಿಗಳನ್ನು ಯಾರೂ ಕೇಳಿರಲಿಲ್ಲ. ತಮ್ಮ ಭೂಮಿಗಾಗಿ ಅವರು 1990ರಲ್ಲಿ ಸರ್ಕಾರದ ಕೇಂದ್ರವಾದ ಲಾ ಪಾಸ್‌ವರೆಗೆ ಪಾದಯಾತ್ರೆ ಮಾಡಿದರು. ಕೊನೆಗೆ ಸರ್ಕಾರ ಅವರ ನೆಲದ ಹಕ್ಕನ್ನು ಮನ್ನಿಸಬೇಕಾಯಿತು.

2023ರ ಮೇ ತಿಂಗಳಲ್ಲಿ ಈಕ್ವಡೋರ್ 160 ಕೋಟಿ ಡಾಲರ್ ಸಾಲಪತ್ರಗಳನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ವಾಪಸು ಕೊಂಡಿತು. ಉಳಿತಾಯದ ಒಂದು ಪಾಲು ಗಲಪಗೋಸ್ ದ್ವೀಪಗಳ ಸುತ್ತಲಿನ ಕಡಲಿನ ರಕ್ಷಣೆಗೆ ಮೀಸಲಾಯಿತು. ಬಡ್ಡಿಗೆ ಹೋಗುತ್ತಿದ್ದ ಹಣ ಕಡಲಿಗೆ ಬಂದರೆ ಒಳ್ಳೆಯದೇ. ಆದರೆ ವಾಪಸು ಕೊಳ್ಳಲು ಹೊಸ ಸಾಲ ಮಾಡಬೇಕಾಯಿತು ಎಂಬುದನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ.

ವಿಶ್ವಬ್ಯಾಂಕ್ 2022ರಲ್ಲಿ ಹೊರಡಿಸಿದ 15 ಕೋಟಿ ಡಾಲರಿನ ಬಾಂಡ್ ಬೇರೆ ಬಗೆಯದು. ಹೂಡಿದವರು ವರ್ಷದ ಬಡ್ಡಿ ಬಿಟ್ಟುಕೊಡುತ್ತಾರೆ. ಆ ಹಣ ದಕ್ಷಿಣ ಆಫ್ರಿಕದ ಎರಡು ಕಾಡುಗಳ ಕಪ್ಪು ಘೇಂಡಾಮೃಗಗಳ ರಕ್ಷಣೆಗೆ ಹೋಗುತ್ತದೆ. ಐದು ವರ್ಷದ ಕೊನೆಗೆ ಪ್ರಾಣಿಗಳ ಸಂಖ್ಯೆ ಬೆಳೆದಿದ್ದರೆ ಜಾಗತಿಕ ಪರಿಸರ ನಿಧಿ ಹೂಡಿಕೆದಾರರಿಗೆ ಪ್ರತಿಫಲ ಕೊಡುತ್ತದೆ. ಆ ದೇಶಕ್ಕೆ ಸಾಲದ ಹೊರೆಯಿಲ್ಲ ಎಂಬುದು ಇದರ ಗುಣ. ಎಣಿಸಲು ಸುಲಭವಾದ, ಹೆಸರುವಾಸಿಯಾದ ಪ್ರಾಣಿಗೆ ಮಾತ್ರ ಹೊಂದುತ್ತದೆ ಎಂಬುದು ಮಿತಿ. ಪಶ್ಚಿಮ ಘಟ್ಟದ ಕಪ್ಪೆಗೆ, ಹೊಳೆಯ ಮೀನಿಗೆ ಇಂಥ ಬಾಂಡ್ ಬರಲಾರದು. ಅವಕ್ಕೆ ನೇರ ನೆರವೇ ಬೇಕು.

ಪ್ರಶ್ನೆ: ನಮ್ಮದು ಮಲೆನಾಡಿನ ಕಾನು, ಜಡ್ಡಿಗಳ ರಕ್ಷಣೆಗೆ ದುಡಿಯುವ ಸಣ್ಣ ಸಂಘ. ವಿದೇಶಿ ಸಂಸ್ಥೆಯಿಂದ ನೆರವು ಪಡೆಯಬಹುದೇ?
— ಸಂಘದ ಕಾರ್ಯದರ್ಶಿ, ಶಿರಸಿ

ಉತ್ತರ: ಪಡೆಯಬಹುದು, ಆದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ ಆಗಬೇಕು. ಸಂಘಕ್ಕೆ ಮೂರು ವರ್ಷವಾದರೂ ಆಗಿರಬೇಕು. ಕಳೆದ ಮೂರು ವರ್ಷಗಳಲ್ಲಿ ಮೂಲ ಉದ್ದೇಶಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಅಷ್ಟು ವಹಿವಾಟು ಇಲ್ಲದವರು ನಿರ್ದಿಷ್ಟ ದಾನಿ, ನಿರ್ದಿಷ್ಟ ಕೆಲಸಕ್ಕೆ ಪೂರ್ವಾನುಮತಿ ಕೇಳಬಹುದು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ದೆಹಲಿಯ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತೆಯೂ ಇಲ್ಲ. ಹಿಂದೆ ದೊಡ್ಡ ಸಂಸ್ಥೆಗಳ ಮೂಲಕ ಹಳ್ಳಿಯ ಸಂಘಗಳಿಗೆ ಹಣ ತಲುಪುತ್ತಿದ್ದ ದಾರಿ ಇದರಿಂದ ಮುಚ್ಚಿತು. ನನ್ನ ದೃಷ್ಟಿಯಲ್ಲಿ ಇದು ಸಣ್ಣವರಿಗೆ ಬಿದ್ದ ದೊಡ್ಡ ಪೆಟ್ಟು.

ನಿಮಗೆ ನನ್ನ ಸಲಹೆ, ಮೊದಲು ಹತ್ತಿರದ ಬಾಗಿಲು ತಟ್ಟಿ. 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಲಾಭದ ಶೇ 2 ಖರ್ಚು ಮಾಡಬೇಕಾದ ಪಟ್ಟಿಯಲ್ಲಿ ಸಸ್ಯ, ಪ್ರಾಣಿಗಳ ರಕ್ಷಣೆಯೂ ಇದೆ. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲಷ್ಟೇ ಇದ್ದರೆ ಅದನ್ನು ಎಬ್ಬಿಸಿ.

ಪ್ರಶ್ನೆ: ಇಲ್ಲಿನ ಸರ್ಕಾರ ಕೈಬಿಟ್ಟ ಕೆಲಸಕ್ಕೆ ನಾವಾದರೂ ಕೈಜೋಡಿಸಬೇಕು ಎನಿಸುತ್ತಿದೆ. ಊರಿನ ಕಾಡಿಗೂ ಕೊಡುವ ಆಸೆ. ಯಾರಿಗೆ, ಹೇಗೆ ಕೊಡುವುದು?
— ಕನ್ನಡ ಕುಟುಂಬ, ನ್ಯೂಜೆರ್ಸಿ

ಉತ್ತರ: ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ನಿಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆಯೇ. ಆಗ ನೋಂದಾಯಿತ ಸಂಸ್ಥೆಗೆ ಮಾತ್ರ ಕೊಡಿ.

ಕೊಡುವ ಮುನ್ನ ಸಂಸ್ಥೆಯನ್ನು ಮೂರು ಮಾತು ಕೇಳಿ. ಆ ಜಾಗದ ಜನರಲ್ಲಿ ಎಷ್ಟು ಮಂದಿ ನಿಮ್ಮ ಆಡಳಿತ ಮಂಡಳಿಯಲ್ಲಿದ್ದಾರೆ? ಜನರ ದೂರು ಬಂದಾಗ ಏನು ಮಾಡುತ್ತೀರಿ? ನಮ್ಮ ಹಣ ನಿಂತರೆ ಈ ಕೆಲಸ ಯಾರ ಹಣದಿಂದ ನಡೆಯುತ್ತದೆ? ನೇರ ಉತ್ತರ ಕೊಡುವ ಸಂಸ್ಥೆ ಚಿಕ್ಕದಾದರೂ ಅದಕ್ಕೇ ಕೊಡಿ. ಒಮ್ಮೆ ದೊಡ್ಡ ಮೊತ್ತ ಕೊಡುವುದಕ್ಕಿಂತ ವರ್ಷ ವರ್ಷ ತಪ್ಪದೆ ಸಣ್ಣ ಮೊತ್ತ ಕೊಡುವುದು ಗಸ್ತಿನವರ ಕೂಲಿಗೆ ಹೆಚ್ಚು ಉಪಯೋಗ. ನಿಮ್ಮಲ್ಲಿ ಮತದಾರರಾಗಿರುವವರು ನಿಮ್ಮ ಕ್ಷೇತ್ರದ ಸಂಸತ್ ಸದಸ್ಯರಿಗೆ ಒಂದು ಪತ್ರವನ್ನೂ ಬರೆಯಿರಿ. ಆಫ್ರಿಕದ ಆನೆಗೆ 1988ರಲ್ಲಿ, ಏಷ್ಯಾದ ಆನೆಗೆ 1997ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿ ನಿಧಿ ಇಟ್ಟಿದೆ. ಅದಕ್ಕೆ ಹಣ ಒದಗಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ಭಾರತ ಯಾವಾಗಲೂ ಪಡೆಯುವ ದೇಶವೇ? ನಾವು ಬೇರೆಯವರಿಗೆ ಕೊಟ್ಟಿದ್ದೇವೆಯೇ?
— ಪದವಿ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಕೊಟ್ಟಿದ್ದೇವೆ. 2012ರಲ್ಲಿ ಹೈದರಾಬಾದಿನಲ್ಲಿ ನಡೆದ ಜೀವವೈವಿಧ್ಯ ಸಮಾವೇಶದಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ 5 ಕೋಟಿ ಡಾಲರಿನ ವಾಗ್ದಾನ ಮಾಡಿದರು; ಅದರಲ್ಲಿ ಇತರ ಅಭಿವೃದ್ಧಿಶೀಲ ದೇಶಗಳ ಸಾಮರ್ಥ್ಯ ಹೆಚ್ಚಿಸುವ ಉದ್ದೇಶವೂ ಸೇರಿತ್ತು. 2023ರ ಏಪ್ರಿಲ್ 9ರಂದು ಹುಲಿ ಯೋಜನೆಗೆ ಐವತ್ತು ತುಂಬಿದ ಸಂದರ್ಭದಲ್ಲಿ ಪ್ರಧಾನಿ ನರೇಂದ್ರ ಮೋದಿ ಮೈಸೂರಿನಲ್ಲಿ ಅಂತರರಾಷ್ಟ್ರೀಯ ದೊಡ್ಡ ಬೆಕ್ಕುಗಳ ಒಕ್ಕೂಟವನ್ನು ಉದ್ಘಾಟಿಸಿದರು. ಹುಲಿ, ಸಿಂಹ, ಚಿರತೆ, ಹಿಮಚಿರತೆ, ಚೀತಾ, ಜಾಗ್ವಾರ್, ಪೂಮಾ, ಈ ಏಳರ ರಕ್ಷಣೆಗೆ ದೇಶಗಳನ್ನು ಒಗ್ಗೂಡಿಸುವುದು ಅದರ ಗುರಿ. ಕೇಂದ್ರ ಸಂಪುಟ ಐದು ವರ್ಷಗಳಿಗೆ 150 ಕೋಟಿ ರೂಪಾಯಿ ಮಂಜೂರು ಮಾಡಿದೆ.

ಐವತ್ತು ವರ್ಷದ ಹಿಂದೆ ಹುಲಿಗಾಗಿ ನೆರವು ಪಡೆದ ದೇಶ ಇಂದು ಕೊಡುವ ಸ್ಥಾನಕ್ಕೆ ಬಂದಿರುವುದು ಹೆಮ್ಮೆಯ ವಿಷಯ. ಈ ಸ್ಥಾನಕ್ಕೆ ಹೊಣೆಯೂ ಇದೆ. ನಾವು ಇನ್ನೊಂದು ದೇಶದ ಕಾಡಿಗೆ ಹಣವನ್ನೋ ತಜ್ಞರನ್ನೋ ಕಳಿಸುವಾಗ ಮೂವತ್ತು ವರ್ಷಗಳ ನೆರವಿನ ಅನುಭವ ನಮ್ಮ ಕೈಯಲ್ಲಿದೆ: ಮಡಗಾಸ್ಕರ್‌ನಲ್ಲಿ ಏನು ಕುಸಿಯಿತು, ನಮೀಬಿಯದಲ್ಲಿ ಏನು ನಿಂತಿತು ಎಂಬುದು ಗೊತ್ತಿದೆ. ನೆರವು ಪಡೆದು ಸಾಕಷ್ಟು ಕಲಿತಿದ್ದೇವೆ, ಕೊಡುವಾಗ ಅದನ್ನು ಮರೆಯಬಾರದು. ಮೈಸೂರಿನಲ್ಲಿ ಉದ್ಘಾಟನೆಯಾದ ಒಕ್ಕೂಟ ತನ್ನ ಪ್ರತಿ ಯೋಜನೆಗೂ ಸಹಿ ಹಾಕುವ ಮೊದಲು, ಅಲ್ಲಿಂದ ಕೆಲವೇ ಗಂಟೆಗಳ ದಾರಿಯ ನಾಗರಹೊಳೆಯ ಹಾಡಿಯವರು 1998ರಲ್ಲಿ ವಿಶ್ವಬ್ಯಾಂಕಿಗೆ ಕೇಳಿದ್ದನ್ನು ತನಗೇ ಕೇಳಿಕೊಳ್ಳಬೇಕು: ಈ ಕಾಡಿನಲ್ಲಿ ಬಾಳುವವರನ್ನು ನಾವು ಕೇಳಿದೆವೇ?